ಮೈತುಂಬ ಕೂದಲಿನ ಆನೆ

ನಂಗವಳ್ಳಿಯ ಕನ್ನಡ ಮಾತಿನ ಮನೆಗಳಿಗೆ ಜಿಲ್ಲಾ ಕೇಂದ್ರವಾದ ಸೇಲಂನಲ್ಲಿ, ಏರ್ಕಾಡಿನ ರಸ್ತೆಯ ಬದಿಗೆ, ಮಾಡರ್ನ್ ಥಿಯೇಟರ್ಸ್ ಸ್ಟುಡಿಯೋದ ಹೆಬ್ಬಾಗಿಲ ಕಮಾನು ಇಂದಿಗೂ ನಿಂತಿದೆ. ಟಿ.ಆರ್. ಸುಂದರಂ 1935ರಲ್ಲಿ ಕಟ್ಟಿದ ಈ ಸಂಸ್ಥೆ ಮಲಯಾಳದ ಮೊದಲ ವಾಕ್ಚಿತ್ರ ‘ಬಾಲನ್’ನಿಂದ (1938) ಹೆಸರಾಗಿದ್ದರೂ, ಅದು ಅಮೆರಿಕದವರೊಡನೆ ಸೇರಿ ತಯಾರಿಸಿ 1952ರಲ್ಲಿ ತೆರೆಗೆ ಬಂದ ‘ದಿ ಜಂಗಲ್’ ಎಂಬ ಮೃಗಭಯದ ಚಿತ್ರವನ್ನು ನೆನೆಯುವವರು ವಿರಳ. ತಮಿಳಿನಲ್ಲಿ ಇದರ ಹೆಸರು ‘ಕಾಡು’. ಗಿರೀಶ ಕಾರ್ನಾಡರ 1973ರ ‘ಕಾಡು’ವಿಗೂ ಇದಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ.

ವಿಲಿಯಂ ಬರ್ಕ್ ನಿರ್ದೇಶಿಸಿದ ಈ ಚಿತ್ರದ ಕಥೆ ತೀರ ತೆಳು. ಕಾಡಾನೆಗಳು ಕಂಗೆಟ್ಟು ಹಳ್ಳಿಗಳಿಗೆ ನುಗ್ಗುತ್ತಿರುವುದಕ್ಕೆ ಮ್ಯಾಮತ್, ಅಂದರೆ ಹಿಮಯುಗದಲ್ಲಿ ಬಾಳಿ ಅಳಿದುಹೋದ, ಆನೆಯ ದಾಯಾದಿಯಾದ ದಟ್ಟ ಕೂದಲಿನ ಪ್ರಾಣಿ ಕಾರಣವೆಂದು ಅಮೆರಿಕನ್ ಬೇಟೆಗಾರನೊಬ್ಬ (ರಾಡ್ ಕ್ಯಾಮೆರಾನ್) ಸಾಧಿಸುತ್ತಾನೆ. ಆ ಮಾತನ್ನು ನಂಬದ ರಾಜಕುಮಾರಿ (ಮೇರಿ ವಿಂಡ್ಸರ್) ಮತ್ತು ಆಕೆಯ ಆಪ್ತ (ಸೀಸರ್ ರೊಮೆರೊ) ಅವನೊಡನೆಯೇ ಕಾಡಿಗೆ ಹೊರಡುತ್ತಾರೆ. ಭಾರತದ ರಾಜಮನೆತನವೂ ಹಾಲಿವುಡ್‌ನಿಂದಲೇ ಬಂದಿದೆ! ಆಮೇಲೆ ನಡಿಗೆಯೋ ನಡಿಗೆ. ಒಂದೂಕಾಲು ಗಂಟೆಯೂ ಇಲ್ಲದ ಚಿತ್ರ ಮೂರು ಗಂಟೆಯದೆನಿಸುತ್ತದೆ.

ಈ ನಿಧಾನಕ್ಕೆ ಮೂಲ ಕಲೆಯಲ್ಲ, ಕೈಬಿಗಿ. ಹೆಚ್ಚು ಹೊತ್ತು ತೋರಿಸುವಂಥ ಭೂತಪ್ರಾಣಿ ತಯಾರಕರ ಬಳಿ ಇರಲಿಲ್ಲವಾದ್ದರಿಂದ ಅದನ್ನು ಕೊನೆಯವರೆಗೂ ಮುಂದೂಡಲಾಯಿತು. ಕಡೆಗೆ ಬರುವ ಮ್ಯಾಮತ್‌ಗಳು ಮೈಗೆ ಉದ್ದ ಕೂದಲು ಹೊದಿಸಿದ ಆನೆಗಳು. ವೇಷ ಹಿಮಯುಗದ್ದು, ನಡಿಗೆ ಮಾತ್ರ ಸಾಕಾನೆಯದೇ. ಕಡಿಮೆ ಖರ್ಚಿನಲ್ಲೇ ತಯಾರಾದ 1942ರ ‘ಕ್ಯಾಟ್ ಪೀಪಲ್’ನಲ್ಲಿ ನಿರ್ಮಾಪಕ ವ್ಯಾಲ್ ಲ್ಯೂಟನ್ ಮತ್ತು ನಿರ್ದೇಶಕ ಜಾಕ್ ಟೂರ್ನರ್ ಮೃಗವನ್ನು ನೆರಳು ಸದ್ದುಗಳಲ್ಲಿ ಅಡಗಿಸಿ, ಇದ್ದ ಕೊರತೆಯಿಂದಲೇ ಭಯವನ್ನು ಹುಟ್ಟಿಸಿದ್ದರು. ಬರ್ಕ್‌ಗೆ ಅಡಗಿಸುವುದು ಗೊತ್ತಿತ್ತು, ಅಡಗಿರುವುದನ್ನು ಕಾಯುವಂತೆ ಮಾಡುವುದು ಗೊತ್ತಿರಲಿಲ್ಲ.

ಪ್ರಾಣಿಶಾಸ್ತ್ರದ ಕಣ್ಣಿಗೂ ಕಥೆ ನಿಲ್ಲುವುದಿಲ್ಲ. ಉಣ್ಣೆಗೂದಲಿನ ಮ್ಯಾಮತ್ ಶೀತಪ್ರದೇಶದ್ದು. ಅದರ ಕೊನೆಯ ಸಂತತಿ ರಷ್ಯಾದ ಉತ್ತರದ ರ್‍ಯಾಂಗಲ್ ದ್ವೀಪದಲ್ಲಿ ಸುಮಾರು 4,000 ವರ್ಷಗಳ ಹಿಂದೆ ಅಳಿಯಿತು.

ಆದರೂ ಈ ಸೀಮೆಯ ನೋಡುಗರಿಗೆ ಚಿತ್ರದಲ್ಲಿ ಭಯಪಡಲು ಕಾರಣವಿದೆ, ಅದು ತಯಾರಕರು ಎಣಿಸಿದ ಕಡೆ ಇಲ್ಲ. ಧರ್ಮಪುರಿಯ ಕಾಡಂಚಿನಲ್ಲಿ ರಾಗಿಯ ಹೊಲಕ್ಕೆ ಆನೆ ಇಳಿಯುವುದು ಇಂದಿಗೂ ನಡೆದಿರುವ ಸಂಗತಿಯಾದ್ದರಿಂದ, ಬೆದರಿದ ಹಿಂಡು ಊರಿಗೆ ನುಗ್ಗುವ ದೃಶ್ಯಗಳಿಗೆ ಇಲ್ಲಿ ಯಾವ ಮ್ಯಾಮತ್‌ನ ಸಮರ್ಥನೆಯೂ ಬೇಕಾಗುವುದಿಲ್ಲ.