ತೆರೆಯ ಈಚೆಗಿನ ಪಾಲುದಾರರು

ನವಲಗುಂದ ಸೀಮೆಯ ಎರೆಭೂಮಿಯ ಹಳ್ಳಿಗಳಲ್ಲಿ ಜಾತ್ರೆಯ ನಾಟಕವೆಂದರೆ ಊರವರದೇ ಕಾರುಬಾರು. ಮೊರಬದಂಥ ದೊಡ್ಡ ಊರಾಗಲಿ, ಸುತ್ತಲಿನ ಸಣ್ಣ ಹಳ್ಳಿಯಾಗಲಿ, ಕ್ರಮ ಹೆಚ್ಚುಕಡಿಮೆ ಒಂದೇ. ಹುಡುಗರು ಪಟ್ಟಿ ಎತ್ತುತ್ತಾರೆ, ಪೇಟಿ ಮಾಸ್ತರರನ್ನು ಗೊತ್ತುಮಾಡುತ್ತಾರೆ, ರಾತ್ರಿ ತಾಲೀಮು ನಡೆಸುತ್ತಾರೆ, ಸ್ತ್ರೀಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ನಾಟಕದ ನಡುವೆ ಆಟ ನಿಲ್ಲಿಸಿ, ಯಾರು ಎಷ್ಟು ಆಯೇರಿ ಮಾಡಿದರೆಂದು ಧ್ವನಿವರ್ಧಕದಲ್ಲಿ ಸಾರುವುದೂ ಉಂಟು. ಪಟ್ಟಣದಿಂದ ಬಂದವರಿಗೆ ಇದು ರಸಭಂಗವೆನಿಸಬಹುದು. ಆದರೆ ಕೆಳಗೆ ಕೂತವನಿಗೆ ತನ್ನ ಹೆಸರು ಕೇಳಿಬಂದ ಗಳಿಗೆಯಿಂದ ನಾಟಕ ತನ್ನದಾಗುತ್ತದೆ. ಅದು ಚೆನ್ನಾಗಿ ಆಗಲಿ ಎಂಬ ಹಂಬಲವೂ ಕೆಟ್ಟರೆ ಬೈಯುವ ಹಕ್ಕೂ ಅವನಿಗೆ ಒಟ್ಟೊಟ್ಟಿಗೇ ಬರುತ್ತವೆ.

ಸಿನಿಮಾ ನೋಡುಗನಿಗೆ ಇಂಥ ಹಕ್ಕು ಎಂದೂ ಇರಲಿಲ್ಲ. ನಿರ್ಮಾಪಕ ಚಿತ್ರ ತೆಗೆಯುತ್ತಾನೆ, ಹಂಚಿಕೆದಾರ ಕೊಳ್ಳುತ್ತಾನೆ, ಚಿತ್ರಮಂದಿರದವರು ತೋರಿಸುತ್ತಾರೆ. ಈ ಸಾಲಿನ ಕಟ್ಟಕಡೆಗೆ, ಟಿಕೆಟ್ ಕಿಂಡಿಯ ಆಚೆ, ಪ್ರೇಕ್ಷಕ ನಿಂತಿರುತ್ತಾನೆ. ಅವನ ಅಭಿಪ್ರಾಯ ಬೇಕಾಗುವುದು ಎಲ್ಲ ಮುಗಿದ ಮೇಲೆ. ಅಂತರ್ಜಾಲ ಬಂದ ನಂತರ ಕೆಲವು ಕನ್ನಡ ನಿರ್ದೇಶಕರು ಈ ಸಾಲನ್ನು ಹಿಂದುಮುಂದು ಮಾಡಲು ನೋಡಿದರು. ಮೊದಲು ಅಭಿಮಾನಿಗಳನ್ನು ಕೂಡಿಸುವುದು, ಅವರಿಂದ ಹಣವನ್ನೋ ಬೆಂಬಲವನ್ನೋ ಪಡೆಯುವುದು, ಚಿತ್ರ ಸಿದ್ಧವಾದಾಗ ಅವರನ್ನೇ ಮೊದಲು ಕರೆದು ತೋರಿಸುವುದು, ಆಮೇಲೆ ಉಳಿದವರಿಗೆ ಬಾಗಿಲು ತೆರೆಯುವುದು. ಬಿಡುಗಡೆಗೆ ಮುಂಚಿನ ವಿಶೇಷ ಪ್ರದರ್ಶನ, ಪ್ರದರ್ಶನದ ನಂತರ ನಿರ್ದೇಶಕನೊಡನೆ ಮಾತುಕತೆ, ಜೊತೆಗೆ ಒಂದು ಭಾವಚಿತ್ರ: ಈ ಕೂಟಗಳ ಹೊರರೂಪ ಇಷ್ಟೇ. ಒಳಗಿನ ಲೆಕ್ಕಾಚಾರ ಮಾತ್ರ ಸ್ವಲ್ಪ ಜಟಿಲ.

ಅದನ್ನು ತಿಳಿಯಲು ಶುಕ್ರವಾರದ ಗಣಿತ ಗೊತ್ತಿರಬೇಕು. ಹೊಸ ಚಿತ್ರ ತೆರೆಕಾಣುವುದು ಸಾಮಾನ್ಯವಾಗಿ ಶುಕ್ರವಾರ. ಶನಿವಾರ, ಭಾನುವಾರಗಳ ಗಳಿಕೆ ನೋಡಿ ಚಿತ್ರಮಂದಿರಗಳು ಮುಂದಿನ ಆಟಗಳನ್ನು ನಿರ್ಧರಿಸುತ್ತವೆ. ದೊಡ್ಡ ತಾರೆಯಿಲ್ಲದ ಚಿತ್ರದ ಬಗ್ಗೆ ‘ಚೆನ್ನಾಗಿದೆಯಂತೆ’ ಎಂಬ ಮಾತು ಬಾಯಿಂದ ಬಾಯಿಗೆ ಹಬ್ಬಲು ನಾಲ್ಕೈದು ದಿನವಾದರೂ ಬೇಕು. ಸೋಮವಾರದ ಹೊತ್ತಿಗೆ ಆಟಗಳು ಅರ್ಧಕ್ಕಿಳಿದಿರುತ್ತವೆ. ಮುಂದಿನ ಶುಕ್ರವಾರ ಬೇರೊಂದು ಚಿತ್ರ ಬಂದು ಕೂರುತ್ತದೆ. ಒಳ್ಳೆಯ ಮಾತು ಊರು ಮುಟ್ಟುವ ಹೊತ್ತಿಗೆ ಚಿತ್ರ ಊರು ಬಿಟ್ಟಿರುತ್ತದೆ. ಹುಬ್ಬಳ್ಳಿಗೋ ಧಾರವಾಡಕ್ಕೋ ಬಸ್ಸು ಹಿಡಿದು ಹೋಗಬೇಕಾದ ಮೊರಬದ ಪ್ರೇಕ್ಷಕನಿಗೆ ಈ ನಷ್ಟ ಎರಡು ಪಟ್ಟು. ಅವನು ಕೆಲಸ ಬಿಟ್ಟು ಹೊರಡುವುದು ಮಾತು ಖಚಿತವಾದ ಮೇಲೆಯೇ. ವಿಶೇಷ ಪ್ರದರ್ಶನದ ಮುಖ್ಯ ಉದ್ದೇಶ ಆ ಮಾತನ್ನು ಶುಕ್ರವಾರಕ್ಕಿಂತ ಮುಂಚೆಯೇ ಹೊರಡಿಸುವುದು.

ಕನ್ನಡದಲ್ಲಿ ಇದರ ದೊಡ್ಡ ಪ್ರಯೋಗ ‘ಲೂಸಿಯಾ’. ಯೋಗರಾಜ್ ಭಟ್ಟರ ಬಳಗದಲ್ಲಿ ಬರೆಯುತ್ತಿದ್ದು, 2011ರಲ್ಲಿ ‘ಲೈಫು ಇಷ್ಟೇನೆ’ ನಿರ್ದೇಶಿಸಿದ್ದ ಪವನ್ ಕುಮಾರ್ ಅವರಿಗೆ ಈ ಕಥೆಗೆ ಗಾಂಧಿನಗರದಲ್ಲಿ ಹಣ ಹೂಡುವವರು ಸಿಗಲಿಲ್ಲ. ಅವರು ಉದ್ಯಮದ ರೀತಿನೀತಿಗಳ ಬಗ್ಗೆ ನೇರವಾಗಿ, ಒಂದಷ್ಟು ಕಟುವಾಗಿಯೇ ಅಂತರ್ಜಾಲದಲ್ಲಿ ಬರೆದರು. ಪ್ರೇಕ್ಷಕರೇ ಹಣ ಹಾಕುವುದಾದರೆ ಚಿತ್ರ ಮಾಡುತ್ತೇನೆಂದರು. 2012ರಲ್ಲಿ 27 ದಿನಗಳಲ್ಲಿ 110 ಮಂದಿಯಿಂದ 51 ಲಕ್ಷ ರೂಪಾಯಿ ಕೂಡಿತು. ಚಿತ್ರಕ್ಕೆ ‘ಪ್ರೇಕ್ಷಕರ ಚಿತ್ರ’ ಎಂಬ ಹೆಸರೇ ಅಂಟಿಕೊಂಡಿತು. 2013ರ ಜುಲೈಯಲ್ಲಿ ಲಂಡನ್ನಿನ ಭಾರತೀಯ ಚಲನಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ನಡೆದು, ಅಲ್ಲಿ ಪ್ರೇಕ್ಷಕರ ಮತದಿಂದಲೇ ಪ್ರಶಸ್ತಿ ಬಂತು. ಕರ್ನಾಟಕದಲ್ಲಿ ತೆರೆಕಂಡದ್ದು ಸೆಪ್ಟೆಂಬರ್ 6ರಂದು. ಮುಂದೆ ತಮಿಳಿನಲ್ಲಿ ಮರುನಿರ್ಮಾಣವೂ ಆಯಿತು.

ಕಥೆಯಲ್ಲೇ ಒಂದು ಸ್ವಾರಸ್ಯವಿದೆ. ನಾಯಕ ನಿಕ್ಕಿ ಬೆಂಗಳೂರಿನ ಹಳೆಯ ಚಿತ್ರಮಂದಿರವೊಂದರಲ್ಲಿ ಟಾರ್ಚು ಹಿಡಿದು ಪ್ರೇಕ್ಷಕರಿಗೆ ಕುರ್ಚಿ ತೋರಿಸುವವನು. ಮಾಲೀಕ ಶಂಕರಣ್ಣ ಆ ಮಂದಿರವನ್ನು ಮುಚ್ಚದೆ ಉಳಿಸಿಕೊಳ್ಳಲು ಹೆಣಗುತ್ತಿರುತ್ತಾನೆ. ಕಂಪ್ಯೂಟರಿನ ಮುಂದೆ ಕೂತವರ ಹಣದಿಂದ ತಯಾರಾದ ಚಿತ್ರ ಹೇಳಿದ್ದು, ಜನ ಕೂಡಿ ಕೂತು ನೋಡುವ ಜಾಗವೊಂದು ಕಳೆದುಹೋಗುವ ಆತಂಕವನ್ನು. ನಿಕ್ಕಿಯಾಗಿ ನಟಿಸಿದ ಸತೀಶ್ ತಮ್ಮ ಹೆಸರಿನ ಜೊತೆಗೆ ನೀನಾಸಂ ಎಂದು ಇಟ್ಟುಕೊಂಡವರು, ಹೆಗ್ಗೋಡಿನ ರಂಗಶಾಲೆಯಲ್ಲಿ ಕಲಿತವರು. ಈ ಹೆಗ್ಗೋಡಿನ ವಿಷಯಕ್ಕೆ ಮತ್ತೆ ಬರೋಣ.

ಪ್ರೇಕ್ಷಕರ ಹಣದಿಂದ ಚಿತ್ರ ತೆಗೆಯುವುದು ಅಂತರ್ಜಾಲದ ಆವಿಷ್ಕಾರವಲ್ಲ. 1976ರಲ್ಲಿ ಶ್ಯಾಮ್ ಬೆನೆಗಲ್ ತೆಗೆದ ‘ಮಂಥನ್’ ಚಿತ್ರಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲೆಗೆ 2 ರೂಪಾಯಿಯಂತೆ ಕೊಟ್ಟರು. ಒಟ್ಟು 10 ಲಕ್ಷ ರೂಪಾಯಿ. ಚಿತ್ರ ಬಿಡುಗಡೆಯಾದಾಗ ಆ ರೈತರು ಲಾರಿಗಳಲ್ಲಿ ತುಂಬಿಕೊಂಡು ‘ನಮ್ಮ ಚಿತ್ರ’ ನೋಡಲು ಬಂದರು. ನಾಯಕನನ್ನು ನೋಡಲು ಬಂದ ಅಭಿಮಾನಿಗಳಲ್ಲ ಅವರು. ತಮ್ಮ ಸಹಕಾರ ಸಂಘದ ಕಥೆ ಸರಿಯಾಗಿ ಬಂದಿದೆಯೇ ಎಂದು ಪರೀಕ್ಷಿಸಲು ಬಂದ ಪಾಲುದಾರರು. ಸುಮಾರು ಅರ್ಧ ಶತಮಾನದ ನಂತರ, 2024ರಲ್ಲಿ, ಪುನರುದ್ಧಾರಗೊಂಡ ‘ಮಂಥನ್’ ಕಾನ್ ಉತ್ಸವದಲ್ಲೂ ತೆರೆಕಂಡಿತು.

ಕೇರಳದ ಜಾನ್ ಅಬ್ರಹಾಂ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಒಡೆಸ್ಸಾ ಎಂಬ ಗೆಳೆಯರ ಕೂಟ ಕಟ್ಟಿಕೊಂಡು, ಚಾಪ್ಲಿನ್‌ನ ‘ದಿ ಕಿಡ್’ ಮೊದಲಾದ ಚಿತ್ರಗಳನ್ನು ಊರೂರಿಗೆ ಹೊತ್ತೊಯ್ದು ತೋರಿಸಿ, ನೋಡಿದವರಿಂದ ಕಾಸು ಕೂಡಿಸಿ 1986ರಲ್ಲಿ ‘ಅಮ್ಮ ಅರಿಯಾನ್’ ಮುಗಿಸಿದರು. ಅದನ್ನು ಮತ್ತೆ ಊರೂರಿಗೆ ಒಯ್ದೇ ತೋರಿಸಿದರು. ಅಲ್ಲಿ ಪ್ರದರ್ಶನವೇ ಬಂಡವಾಳ, ಪ್ರದರ್ಶನವೇ ಹಂಚಿಕೆ. ಜಾನ್ 1987ರಲ್ಲಿ ತೀರಿಕೊಂಡರು.

ಈಗ ಚಿಕ್ಕದೊಂದು ಭಾಗಾಕಾರ. ‘ಮಂಥನ್’ ಚಿತ್ರಕ್ಕೆ ತಲೆಗೆ 2 ರೂಪಾಯಿ. ‘ಲೂಸಿಯಾ’ದ 51 ಲಕ್ಷವನ್ನು 110ರಿಂದ ಭಾಗಿಸಿದರೆ ತಲೆಗೆ ಸರಾಸರಿ ಸುಮಾರು 46 ಸಾವಿರ. ಬೆಲೆಯೇರಿಕೆಯನ್ನು ಎಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೂ ಇವು ಎರಡು ಬೇರೆ ಬಗೆಯ ಪ್ರೇಕ್ಷಕವರ್ಗಗಳು. ಒಂದು ಕಡೆ ಹಾಲಿನ ಡೇರಿಯ ಮುಂದೆ ಸಾಲು ನಿಂತವರು, ಇನ್ನೊಂದು ಕಡೆ ಅಂತರ್ಜಾಲದಲ್ಲಿ ಲೇಖನ ಓದಿ, ಮೆಚ್ಚಿ, ಅಷ್ಟು ದೊಡ್ಡ ಮೊತ್ತ ತೊಡಗಿಸಬಲ್ಲವರು. ಎರಡನೆಯವರ ಔದಾರ್ಯವನ್ನು ಹಗುರಾಗಿ ಕಾಣಬೇಕಿಲ್ಲ. ಅವರಿಲ್ಲದೆ ಆ ಚಿತ್ರವೇ ಇರುತ್ತಿರಲಿಲ್ಲ. ಆದರೆ ‘ಪ್ರೇಕ್ಷಕರ ಚಿತ್ರ’ ಎಂದಾಗ ಯಾವ ಪ್ರೇಕ್ಷಕರು ಎಂದು ಕೇಳುವುದು ತಪ್ಪಲ್ಲ. ಪಾಲು ದೊಡ್ಡದಾದಷ್ಟೂ ಕೂಟ ಕಿರಿದಾಗುತ್ತದೆ.

ಕಿರಿದಾದ ಕೂಟಕ್ಕೆ ಅದರದೇ ತೊಡಕುಗಳಿವೆ. ಆಹ್ವಾನಿತರಷ್ಟೇ ಇರುವ ಪ್ರದರ್ಶನದಲ್ಲಿ ಚಪ್ಪಾಳೆ ಬಹು ಅಗ್ಗ. ನಿರ್ದೇಶಕ ಬಾಗಿಲಲ್ಲೇ ನಿಂತಿರುವಾಗ ‘ಎರಡನೆಯ ಅರ್ಧ ಎಳೆದಂತಾಯಿತು’ ಎನ್ನುವ ದಾಕ್ಷಿಣ್ಯಗೇಡಿಗಳು ಎಷ್ಟು ಜನ? ಅನುಭವಿ ನಿರ್ದೇಶಕರು ಆಮೇಲಿನ ಮಾತುಗಳಿಗಿಂತ ಕತ್ತಲಲ್ಲಿನ ಸದ್ದನ್ನು ನಂಬುತ್ತಾರೆ: ಎಲ್ಲಿ ಕೆಮ್ಮು ಹೆಚ್ಚಾಯಿತು, ಎಲ್ಲಿ ಮೊಬೈಲಿನ ಬೆಳಕು ಕಂಡಿತು, ನಗಬೇಕಾದಲ್ಲಿ ಯಾರು ನಗಲಿಲ್ಲ. ಅದನ್ನು ನೋಡಿಕೊಂಡು ಸಂಕಲನದ ಮೇಜಿಗೆ ಮರಳಿದರೆ ಪ್ರದರ್ಶನ ಸಾರ್ಥಕ. ಬಿಡುಗಡೆಗೆ ಎರಡೇ ದಿನ ಮುಂಚೆ ನಡೆಸುವ ಪ್ರದರ್ಶನದಲ್ಲಿ ಆ ಅವಕಾಶ ಇರುವುದಿಲ್ಲ. ಅದು ಬರೀ ಡಂಗುರ.

ಡಂಗುರವನ್ನೂ ಹಣ ಕೊಟ್ಟು ಕೇಳಿಸಿಕೊಳ್ಳುವವರಿದ್ದಾರೆ ಎಂಬುದು ಈಚಿನ ವರ್ಷಗಳ ಕಾಣಿಕೆ. 2022ರಲ್ಲಿ ‘777 ಚಾರ್ಲಿ’ ಜೂನ್ 10ರ ಬಿಡುಗಡೆಗೆ ಮುಂಚೆ ದೇಶದ 21 ನಗರಗಳಲ್ಲಿ ಟಿಕೆಟ್ ಇಟ್ಟೇ ಪ್ರದರ್ಶನ ನಡೆಸಿತು. 2025ರ ಜುಲೈಯಲ್ಲಿ, ಹೆಸರಾಂತ ತಾರೆಗಳಿಲ್ಲದ ‘ಸು ಫ್ರಂ ಸೋ’ ಕೂಡ ಬಿಡುಗಡೆಗೆ ಮುಂಚೆ ಕೆಲವು ಊರುಗಳಲ್ಲಿ ಪ್ರದರ್ಶನ ನಡೆಸಿ, ಅಲ್ಲಿಂದ ಹೊರಟ ಬಾಯಿಮಾತಿನ ಮೇಲೆಯೇ ತೇರು ಎಳೆಸಿಕೊಂಡಿತು. ಇವೆರಡರ ನಡುವೆ, 2023ರಲ್ಲಿ, ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ ‘ಡೇರ್‌ಡೆವಿಲ್ ಮುಸ್ತಾಫಾ’ ಬಂತು. ಅದಕ್ಕೆ ಹಣ ಹಾಕಿದ್ದು ತೇಜಸ್ವಿಯವರ ಓದುಗರು. (‘ಲೂಸಿಯಾ’ಕ್ಕೆ ಸಂಗೀತ ನೀಡಿದವರ ಹೆಸರೂ ಪೂರ್ಣಚಂದ್ರ ತೇಜಸ್ವಿ, ಅವರು ಬೇರೆ, ಇವರು ಬೇರೆ.) ಮುಸ್ತಾಫಾನ ವಿಷಯದಲ್ಲಿ ಗಮನಿಸಬೇಕಾದದ್ದೆಂದರೆ, ಅಲ್ಲಿನ ಅಭಿಮಾನಿಗಳು ನಿರ್ದೇಶಕನಿಗಿಂತ, ನಟನಿಗಿಂತ ಮೊದಲು ಒಂದು ಪುಸ್ತಕಕ್ಕೆ ಸೇರಿದವರು. ಪುಸ್ತಕದ ಓದುಗನಿಗೆ ಚಿತ್ರದ ಬಗ್ಗೆ ಮುಂಚೆಯೇ ಒಂದು ಅಳತೆಗೋಲು ಇರುತ್ತದೆ. ಇಂಥ ಕೂಟದಲ್ಲಿ ಹೊಗಳಿಕೆ ಅಷ್ಟು ಸುಲಭವಲ್ಲ.

ಇನ್ನು ಹೆಗ್ಗೋಡು. ಕೆ.ವಿ. ಸುಬ್ಬಣ್ಣನವರು 1973ರಲ್ಲಿ ಅಲ್ಲಿ ನೀನಾಸಂ ಚಿತ್ರಸಮಾಜ ಆರಂಭಿಸಿದರು. ಅಡಿಕೆ ತೋಟದ ನಡುವಿನ ಹಳ್ಳಿಯಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿ, ಮುಂದೆ ರಸಗ್ರಹಣ ಶಿಬಿರಗಳನ್ನೂ ನಡೆಸಿದರು. 1983ರಿಂದ 1985ರವರೆಗೆ ‘ಜನಸ್ಪಂದನ’ ಎಂಬ ಯೋಜನೆಯಲ್ಲಿ ಚಿತ್ರಗಳನ್ನೂ ನಾಟಕಗಳನ್ನೂ ನಾಡಿನ ಬೇರೆಬೇರೆ ಊರುಗಳಿಗೆ ಒಯ್ದರು. ಅಲ್ಲಿ ಸೇರಿದ ಜನ ಕುರೊಸಾವಾನ ಅಭಿಮಾನಿಗಳೂ ಅಲ್ಲ, ರಾಯ್ ಅವರ ಅಭಿಮಾನಿಗಳೂ ಅಲ್ಲ. ನೆರೆಹೊರೆಯವರು, ಅಷ್ಟೆ. ಮೊದಲು ಊರು ಕೂಡಿತು, ಆಮೇಲೆ ಚಿತ್ರ ಬಂತು. ಅಂತರ್ಜಾಲದ ಕೂಟದಲ್ಲಿ ಇದು ತಿರುವುಮುರುವು: ಮೊದಲು ಮೆಚ್ಚುಗೆ, ಆಮೇಲೆ ಭೇಟಿ. ಬೆಂಗಳೂರಿನವ, ಮೈಸೂರಿನವ, ಅಮೆರಿಕದ ಕನ್ನಡ ಕುಟುಂಬದವ ಒಂದೇ ಕೂಟದಲ್ಲಿರಬಹುದು. ಮೊರಬದ ಒಂದೇ ಓಣಿಯ ಇಬ್ಬರು ಇರಬಹುದು, ಇಲ್ಲದಿರಬಹುದು.

ದೂರದ ಪ್ರೇಕ್ಷಕನ ಪ್ರಶ್ನೆ ಪವನ್ ಕುಮಾರ್ ಅವರಿಗೂ ಕಾಣದೇ ಇರಲಿಲ್ಲ. ‘ಲೂಸಿಯಾ’ದ ನಂತರ ಅವರು ‘ಹೋಮ್ ಟಾಕೀಸ್’ ಎಂಬ ಅಂತರ್ಜಾಲ ತಾಣ ಕಟ್ಟಿ, ಚಿತ್ರಮಂದಿರ ಹತ್ತಿರವಿಲ್ಲದವರು ನೇರವಾಗಿ ಹಣ ಕೊಟ್ಟು ಮನೆಯಲ್ಲೇ ನೋಡುವ ವ್ಯವಸ್ಥೆ ಮಾಡಿದರು. ಅದು ಕಾಲಕ್ಕಿಂತ ಮುಂಚೆ ಬಂದ ಯೋಜನೆ. ಹಳ್ಳಿಗಳಲ್ಲಿ ಅಂತರ್ಜಾಲ ಅಗ್ಗವಾದದ್ದು 2016ರ ನಂತರ. ಆ ಹೊತ್ತಿಗೆ ದೊಡ್ಡ ಕಂಪನಿಗಳ ತಾಣಗಳು ಬಂದಿದ್ದವು, ಆದರೆ ಕನ್ನಡದ ಸಣ್ಣ ಚಿತ್ರಗಳಿಗೆ ಅಲ್ಲಿ ಜಾಗ ಕಷ್ಟ ಎಂಬ ದೂರು ನಿಲ್ಲಲಿಲ್ಲ. 2024ರ ಜುಲೈಯಲ್ಲಿ ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ ‘ಏಕಂ’ ಎಂಬ ಕಥಾಸರಣಿಯನ್ನು ಕೊನೆಗೆ ಸ್ವಂತ ತಾಣದಲ್ಲೇ ಬಿಡುಗಡೆ ಮಾಡಬೇಕಾಯಿತು. ಹನ್ನೊಂದು ವರ್ಷಗಳ ನಂತರವೂ ನಿರ್ದೇಶಕ ನೇರವಾಗಿ ಪ್ರೇಕ್ಷಕನ ಮನೆಯ ಬಾಗಿಲನ್ನೇ ತಟ್ಟುತ್ತಿದ್ದ.

ಫೋನಿನಲ್ಲಿ ಚಿತ್ರ ಬಂದರೆ ಮೊರಬದ ಹುಡುಗನಿಗೆ ಚಿತ್ರ ಸಿಕ್ಕಿತು, ಕೂಟ ಸಿಗಲಿಲ್ಲ. ನಿರ್ದೇಶಕನನ್ನು ಎದುರಿಗೆ ಕೂರಿಸಿಕೊಂಡು ‘ಇದ್ಯಾಕ ಹಿಂಗ ಮಾಡೀರಿ?’ ಎಂದು ಕೇಳುವ ಸುಖ ಇಂದಿಗೂ ಬಹುಮಟ್ಟಿಗೆ ನಗರದವರದು. ಇದಕ್ಕೆ ತಾಂತ್ರಿಕ ಕಾರಣವೂ ಒಂದಿದೆ. ಹಿಂದೆ 16 ಮಿಲಿಮೀಟರಿನ ರೀಲು, ಒಂದು ಪ್ರೊಜೆಕ್ಟರು, ಬಿಳಿ ಬಟ್ಟೆ ಇದ್ದರೆ ಪ್ರದರ್ಶನವಾಗುತ್ತಿತ್ತು. ಇಂದು ಚಿತ್ರಮಂದಿರಕ್ಕೆ ಹೋಗುವ ಡಿಜಿಟಲ್ ಪ್ರತಿಗೆ ಬೀಗವಿರುತ್ತದೆ. ಅದರ ಕೀಲಿ ಗೊತ್ತುಪಡಿಸಿದ ಯಂತ್ರದಲ್ಲಿ, ಗೊತ್ತುಪಡಿಸಿದ ಅವಧಿಯಲ್ಲಿ ಮಾತ್ರ ತೆರೆಯುತ್ತದೆ. ಕಳ್ಳಪ್ರತಿಯ ಭಯ ಸಣ್ಣದಲ್ಲ, ಆದ್ದರಿಂದ ಬೀಗ ಬೇಕೇ ಬೇಕು. ಶಾಲೆಯ ಅಂಗಳದಲ್ಲಿ ತೋರಿಸಬೇಕಾದರೆ ನಿರ್ಮಾಪಕ ಬೀಗವಿಲ್ಲದ ಬೇರೊಂದು ಪ್ರತಿಯನ್ನು ತಾನೇ ಹೊತ್ತು ತರಬೇಕು, ಮುಗಿದ ಮೇಲೆ ತಾನೇ ಒಯ್ಯಬೇಕು. ಬಿಡುಗಡೆಯ ಭರಾಟೆ ಇಳಿದ ನಂತರ ಅದೇನೂ ಅಸಾಧ್ಯವಲ್ಲ. ಹಿಂಗಾರಿನ ಕಡಲೆ, ಜೋಳದ ಸುಗ್ಗಿ ಮುಗಿದ ಮೇಲೆ ಆ ಸೀಮೆಯ ಊರುಗಳಿಗೆ ಬಿಡುವಿರುತ್ತದೆ, ಜಾತ್ರೆಗಳೂ ಬರುತ್ತವೆ. ನಾಟಕದ ಪರದೆ ಕಟ್ಟುವ ಕಂಬಗಳು ಹೇಗೂ ಅಲ್ಲಿರುತ್ತವೆ. ಆಯೇರಿ ಓದಲು ಧ್ವನಿವರ್ಧಕವೂ ಇರುತ್ತದೆ.