ಲೋಕದ ತಾಪವೂ ಕೆಲವು ದೇಶಗಳ ಶೈತ್ಯವೂ

ಭೂಮಂಡಲವು ಬರಬರುತ್ತ ಬಿಸಿಯಾಗುತ್ತಿದೆಯೆಂಬ ಮಾತನ್ನು ಕೇಳದವರು ಈಗ ಯಾರೂ ಇರಲಾರರು. ಆದರೆ ಇಂಗ್ಲೆಂಡಿನಲ್ಲಿಯೂ ಅಮೇರಿಕದಲ್ಲಿಯೂ ಸಂಸಾರ ಹೂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಚಳಿಗಾಲದಲ್ಲಿ ಊರಿಗೆ ಸಮಾಚಾರ ಕಳುಹಿಸುವಾಗ, ಬಾಗಿಲು ತೆರೆಯಲಾಗದಷ್ಟು ಹಿಮ ಬಿದ್ದಿದೆಯೆಂದೂ ನಲ್ಲಿಯ ನೀರು ಹೆಪ್ಪುಗಟ್ಟಿತೆಂದೂ ತಿಳಿಸುವುದುಂಟು. ಅದನ್ನು ಓದಿದ ತಾಯಿತಂದೆಗಳು, “ಲೋಕವೆಲ್ಲ ಕಾಯುತ್ತಿದೆಯೆನ್ನುತ್ತಾರೆ, ಹಾಗಾದರೆ ಈ ಚಳಿ ಎಲ್ಲಿಂದ ಬಂತು?” ಎಂದು ಕೇಳುವುದು ಸಹಜವೇ. ಈ ಪ್ರಶ್ನೆಯನ್ನು ನಕ್ಕು ತಳ್ಳಿಬಿಡುವುದು ನ್ಯಾಯವಲ್ಲ. ಲೋಕವು ಬಿಸಿಯಾಗುವ ಕಾರಣದಿಂದಲೇ ಅದರ ಒಂದು ಮೂಲೆಯು ತಣ್ಣಗಾಗುವುದು ಸಾಧ್ಯವೆಂಬುದನ್ನು ನಮ್ಮ ಅಳವಿಗೆ ನಿಲುಕಿದ ಮಟ್ಟಿಗೆ ಇಲ್ಲಿ ವಿವರಿಸಲು ಯತ್ನಿಸುವೆವು.

ಮೊದಲು ಮಾತಿನ ಅರ್ಥವನ್ನು ತಿಳಿದುಕೊಳ್ಳತಕ್ಕದ್ದು. ಲೋಕದ ಉಷ್ಣಮಾನವೆಂದು ಶಾಸ್ತ್ರಜ್ಞರು ಕರೆಯುವುದು ನೆಲದ ಮೇಲೂ ಕಡಲಿನ ಮೇಲೂ ಸಾವಿರಾರು ಸ್ಥಳಗಳಲ್ಲಿ ಅಳೆದ ಉಷ್ಣಮಾನಗಳ ಸರಾಸರಿಯನ್ನು. ಕಲ್ಲಿದ್ದಲು, ಎಣ್ಣೆ ಮುಂತಾದವುಗಳನ್ನು ಸುಡುವುದರಿಂದ ಅಂಗಾರಾಮ್ಲವಾಯುವು ವಾಯುಮಂಡಲದಲ್ಲಿ ಹೆಚ್ಚಿ, ಭೂಮಿಯಿಂದ ಹೊರಹೋಗತಕ್ಕ ಶಾಖದಲ್ಲಿ ಒಂದು ಪಾಲನ್ನು ತಡೆದು ನಿಲ್ಲಿಸುತ್ತದೆ. ಇದರ ಫಲವಾಗಿ 2011ರಿಂದ 2020ರ ವರೆಗಿನ ಹತ್ತು ವರ್ಷಗಳ ಸರಾಸರಿಯು 1850ರಿಂದ 1900ರ ವರೆಗಿನ ಸರಾಸರಿಗಿಂತ ಸುಮಾರು 1.1 ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿತ್ತು. ತರಗತಿಯ ಸರಾಸರಿ ಅಂಕ ಏರಿತೆಂದರೆ ಪ್ರತಿಯೊಬ್ಬ ಹುಡುಗಿಯ ಅಂಕವೂ ಏರಿತೆಂದು ಅರ್ಥವಲ್ಲವೆಂಬುದು ಉಪಾಧ್ಯಾಯಿನಿಯರಿಗೆಲ್ಲ ತಿಳಿದ ಸಂಗತಿ. ಮೂವತ್ತೊಂಬತ್ತು ಮಂದಿ ಮುಂದೆ ಬಂದಾಗಲೂ ಒಬ್ಬಳು ಹಿಂದೆ ಬೀಳಬಹುದು. ಕೆಲವೊಮ್ಮೆ ಉಳಿದವರನ್ನು ಮುಂದೆ ತಂದ ಕಾರಣವೇ ಅವಳನ್ನು ಹಿಂದಕ್ಕೆ ತಳ್ಳಿರಲೂಬಹುದು. ನಾವು ಹೇಳಲಿರುವುದು ಅಂಥ ಒಂದು ಸಂಗತಿಯನ್ನು.

ಚಳಿಯಲ್ಲಿ ಎರಡು ಬಗೆಯುಂಟು. ಹತ್ತು ಹದಿನೈದು ದಿವಸ ಬಂದು ಹೋಗುವುದು ಒಂದು; ಒಂದು ಪ್ರಾಂತದ ಹವೆಯನ್ನೇ ನೂರಾರು ವರ್ಷಗಳ ಕಾಲ ಬದಲಿಸುವುದು ಇನ್ನೊಂದು. ಮೊದಲನೆಯದು ಗಾಳಿಯ ಕೆಲಸ. 1770ರಿಂದ 1778ರ ವರೆಗೆ ಗ್ರೀನ್‌ಲೆಂಡಿನಲ್ಲಿ ಸುವಾರ್ತಾ ಸೇವೆ ಮಾಡಿದ ಹಾನ್ಸ್ ಎಗೆದೆ ಸಾಬ್ಯೆ ಎಂಬ ಡೇನಿಷ್ ಮಿಷನರಿಯವರು ಒಂದು ವಿಚಿತ್ರವನ್ನು ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಡೆನ್ಮಾರ್ಕಿನಲ್ಲಿ ಚಳಿ ಕಠೋರವಾದ ವರ್ಷ ಗ್ರೀನ್‌ಲೆಂಡಿನಲ್ಲಿ ಅದು ಸೌಮ್ಯವಾಗಿರುವುದು. ಅಲ್ಲಿ ಸೌಮ್ಯವಾದ ವರ್ಷ ಇಲ್ಲಿ ಕಠೋರವಾಗುವುದು. ತಕ್ಕಡಿಯ ಒಂದು ತಟ್ಟೆ ಇಳಿದಾಗ ಇನ್ನೊಂದು ಏಳುವ ಹಾಗೆ, ಉತ್ತರದ ಶೀತವಾಯು ಒಂದು ಕಡೆಗೆ ಇಳಿದು ಬಂದರೆ ದಕ್ಷಿಣದ ಬೆಚ್ಚನೆಯ ಗಾಳಿ ಮತ್ತೊಂದು ಕಡೆಯಿಂದ ಏರಿಹೋಗುತ್ತದೆ. 2021ರ ಫೆಬ್ರವರಿಯಲ್ಲಿ ಟೆಕ್ಸಾಸಿನಲ್ಲಿ ಹೀಗೆಯೇ ಧ್ರುವದ ಚಳಿ ನುಗ್ಗಿ, ದೀಪವೂ ನೀರೂ ಇಲ್ಲದೆ ಜನರು ಕಂಗೆಟ್ಟು, ಇನ್ನೂರಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಆ ತಿಂಗಳಲ್ಲಿಯೂ ಲೋಕದ ಸರಾಸರಿಯು ಇಪ್ಪತ್ತನೆಯ ಶತಮಾನದ ಸರಾಸರಿಗಿಂತ ಮೇಲೆಯೇ ಇತ್ತು. ಉತ್ತರ ಧ್ರುವಪ್ರದೇಶವು ಉಳಿದ ಲೋಕಕ್ಕಿಂತ ಹಲವು ಪಟ್ಟು ವೇಗವಾಗಿ ಕಾಯುತ್ತಿರುವುದರಿಂದ ಇಂಥ ನುಗ್ಗುವಿಕೆ ಹೆಚ್ಚುವುದೋ ಎಂಬ ವಿಷಯದಲ್ಲಿ ಪಂಡಿತರೊಳಗೆ ಇನ್ನೂ ವಾದವಿದೆ. ಅದನ್ನು ಅವರಿಗೇ ಬಿಟ್ಟು, ಹೆಚ್ಚು ಗಂಭೀರವಾದ ಎರಡನೆಯ ಬಗೆಗೆ ಬರೋಣ. ಇದು ಕಡಲಿನ ಕೆಲಸ.

ಕೆನಡಾದ ಪೂರ್ವತೀರವಾದ ಲಾಬ್ರಡಾರಿನಲ್ಲಿ ನಾಯಿನ್ ಎಂಬ ಊರಿದೆ. ವಿಧವೆಯ ಮಗನು ಬದುಕಿ ಎದ್ದ ಊರಿನ ಹೆಸರು ಅಷ್ಟು ದೂರಕ್ಕೆ ಹೇಗೆ ಹೋಯಿತೆಂದು ವಾಚಕರು ಕೇಳಿಯಾರು. 1771ರಲ್ಲಿ ಮೊರಾವಿಯನ್ ಸಭೆಯ ಮಿಷನರಿಗಳು ಆ ಊರನ್ನು ಸ್ಥಾಪಿಸಿದರು. ಅಲ್ಲಿ ಅವರು ಉಷ್ಣಮಾಪಕವನ್ನು ನೋಡಿ ಬರೆದಿಟ್ಟ ಲೆಕ್ಕಗಳು ಹವಾಶಾಸ್ತ್ರಕ್ಕೆ ದೊಡ್ಡ ಆಸ್ತಿಯಾದುವು. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರವು ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿದೆ. ಸೂರ್ಯನು ಎರಡೂ ಊರುಗಳಿಗೆ ಒಂದೇ ಓರೆಯಲ್ಲಿ ಬಿಸಿಲು ಕೊಡುತ್ತಾನೆ. ಆದರೂ ಜನವರಿಯಲ್ಲಿ ಎಡಿನ್‌ಬರೋವಿನ ಸರಾಸರಿ ಉಷ್ಣಮಾನ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಮೇಲಿದ್ದರೆ, ನಾಯಿನಿನದು ಸೊನ್ನೆಗಿಂತ ಹದಿನೈದು ಡಿಗ್ರಿಗೂ ಕೆಳಗೆ. ಅಲ್ಲಿ ಸಮುದ್ರವೇ ಗಡ್ಡೆ ಕಟ್ಟುತ್ತದೆ. ಈ ಭೇದಕ್ಕೆ ಕಾರಣ ಒಂದೇ ಅಲ್ಲ. ಪಶ್ಚಿಮದಿಂದ ಬೀಸುವ ಗಾಳಿಯು ಎಡಿನ್‌ಬರೋವಿಗೆ ಕಡಲಿನ ಮೇಲಿಂದಲೂ ನಾಯಿನಿಗೆ ಹಿಮಮಯವಾದ ನೆಲದ ಮೇಲಿಂದಲೂ ಬರುತ್ತದೆ. ಆದರೆ ಆ ಕಡಲೇ ಅಷ್ಟು ಬೆಚ್ಚಗಿರುವುದಕ್ಕೆ ದಕ್ಷಿಣದಿಂದ ಬಿಸಿನೀರನ್ನು ಹೊತ್ತು ತರುವ ಪ್ರವಾಹವು ಬಹುಮಟ್ಟಿಗೆ ಕಾರಣವಾಗಿದೆ.

ಈ ಪ್ರವಾಹದ ಗುಟ್ಟು ಹೊರಬಿದ್ದ ರೀತಿ ಸೋಜಿಗವಾದುದು. 1751ರಲ್ಲಿ ಹೆನ್ರಿ ಎಲ್ಲಿಸ್ ಎಂಬ ಇಂಗ್ಲಿಷ್ ಕಪ್ತಾನನು ಅಟ್ಲಾಂಟಿಕ್ ಸಾಗರದ ಉಷ್ಣವಲಯದ ಅಂಚಿನಲ್ಲಿ, ಮುಚ್ಚಳಗಳಿದ್ದ ಒಂದು ಬಕೀಟನ್ನು ಹಗ್ಗಕ್ಕೆ ಕಟ್ಟಿ ಸುಮಾರು ಒಂದು ಮೈಲು ಆಳಕ್ಕೆ ಇಳಿಸಿದನು. ಮೇಲಿನ ನೀರು 84 ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ ಕೆಳಗಿನಿಂದ ಬಂದ ನೀರು 53 ಡಿಗ್ರಿ ಮಾತ್ರವಿತ್ತು. ಕಪ್ತಾನನು ಆ ತಣ್ಣೀರಿನಲ್ಲಿ ಸ್ನಾನ ಮಾಡಿ, ದ್ರಾಕ್ಷಾರಸವನ್ನು ತಂಪು ಮಾಡಿಕೊಂಡು ಸಂತೋಷಪಟ್ಟನಂತೆ. ಆತನದು ಆಫ್ರಿಕದ ಜನರನ್ನು ದಾಸರನ್ನಾಗಿ ಒಯ್ಯುವ ಹಡಗು. ಅವರ ಪಾಲಿಗೆ ತಂಪು ದೊರೆತಿರಲಾರದು. ಅಂತೂ ಸುಡುಬಿಸಿಲಿನ ಸೀಮೆಯಲ್ಲಿ ಕಡಲಿನ ಆಳದ ನೀರು ಅಷ್ಟು ತಣ್ಣಗಿರಬೇಕಾದರೆ ಅದು ಅಲ್ಲಿಯದಾಗಿರಲಾರದು, ಧ್ರುವದ ಕಡೆಯಿಂದ ಬಂದುದಾಗಿರಬೇಕೆಂದು 1798ರಲ್ಲಿ ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿಯು ತರ್ಕಿಸಿದನು. ತಣ್ಣೀರು ಅಡಿಯಲ್ಲಿ ದಕ್ಷಿಣಕ್ಕೆ ಬರುವುದಾದರೆ, ಅದಕ್ಕೆ ಬದಲಾಗಿ ಬಿಸಿನೀರು ಮೇಲ್ಗಡೆ ಉತ್ತರಕ್ಕೆ ಹೋಗಲೇಬೇಕು.

ನೀರು ಉತ್ತರದಲ್ಲಿ ಮುಳುಗುವುದೇಕೆ? ಸಿಹಿನೀರಿನಲ್ಲಿ ಮುಳುಗುವ ಕೋಳಿಮೊಟ್ಟೆಯು ಉಪ್ಪುನೀರಿನಲ್ಲಿ ತೇಲುವುದನ್ನು ನಮ್ಮ ಹುಡುಗಿಯರು ವಿಜ್ಞಾನದ ತರಗತಿಯಲ್ಲಿ ನೋಡಿರುತ್ತಾರೆ. ಉಪ್ಪು ಸೇರಿದಷ್ಟೂ ನೀರಿನ ತೂಕ ಹೆಚ್ಚು. ಕಡಲಿನ ನೀರು ತಣ್ಣಗಾದಷ್ಟೂ ಅದರ ತೂಕ ಇನ್ನೂ ಹೆಚ್ಚು. ಬಿಸಿಲಿನ ಸೀಮೆಯಲ್ಲಿ ನೀರು ಆವಿಯಾಗಿ ಉಪ್ಪು ಉಳಿದು ಗಡುಸಾದ ನೀರು ಉತ್ತರಕ್ಕೆ ಹರಿದು, ಗ್ರೀನ್‌ಲೆಂಡ್, ಐಸ್‌ಲೆಂಡುಗಳ ಸುತ್ತಿನ ಚಳಿಗಾಳಿಗೆ ತನ್ನ ಶಾಖವನ್ನು ಒಪ್ಪಿಸಿಬಿಡುತ್ತದೆ. ಆಗ ಅದು ಉಪ್ಪಿನಿಂದಲೂ ಶೈತ್ಯದಿಂದಲೂ ಭಾರವಾಗಿ ಅಡಿಗೆ ಇಳಿದು, ದಕ್ಷಿಣದ ಕಡೆಗೆ ಮರಳುತ್ತದೆ. ಹೀಗೆ ಸುತ್ತುವ ನೀರು ಸೆಕೆಂಡಿಗೆ ಸುಮಾರು 1.7 ಕೋಟಿ ಘನಮೀಟರು. ಲೋಕದ ನದಿಗಳೆಲ್ಲ ಕೂಡಿ ಕಡಲಿಗೆ ತರುವ ನೀರಿಗಿಂತ ಇದು ಹತ್ತು ಪಟ್ಟಿಗೂ ಹೆಚ್ಚು.

ಇನ್ನು ಲೋಕದ ತಾಪವು ಇದರಲ್ಲಿ ಹೇಗೆ ಕೈಹಾಕುತ್ತದೆಂಬುದನ್ನು ನೋಡೋಣ. ಗ್ರೀನ್‌ಲೆಂಡಿನ ಮೇಲಿರುವ ಹಿಮರಾಶಿಯು 2002ರಿಂದ ಈಚೆಗೆ ವರ್ಷಕ್ಕೆ ಸರಾಸರಿ 25,000 ಕೋಟಿ ಟನ್ನುಗಳಿಗೂ ಹೆಚ್ಚಾಗಿ ಕಡಿಮೆಯಾಗುತ್ತಿದೆಯೆಂದು ಉಪಗ್ರಹಗಳಿಂದ ಅಳೆದಿದ್ದಾರೆ. ಹಿಮ ಕರಗಿದ ನೀರು ಸಿಹಿನೀರು, ಆದುದರಿಂದ ಹಗುರ. ಉತ್ತರದಲ್ಲಿ ಮಳೆಯೂ ಹೆಚ್ಚುತ್ತಿದೆ; ಅದೂ ಸಿಹಿನೀರೇ. ಇದೆಲ್ಲ ಉಪ್ಪುನೀರಿನೊಡನೆ ಬೆರೆತು, ಮುಳುಗಬೇಕಾದ ನೀರನ್ನು ಮುಳುಗದ ಹಾಗೆ ಹಗುರಮಾಡುತ್ತದೆ. ಮುಳುಗುವುದು ಕಡಿಮೆಯಾದರೆ ದಕ್ಷಿಣದಿಂದ ಬಿಸಿನೀರು ಬರುವುದೂ ಕಡಿಮೆ. ಭೂಪಟದಲ್ಲಿ ಲೋಕವೆಲ್ಲ ಕೆಂಪು ಬಣ್ಣದಿಂದ ಬಿಸಿಯನ್ನು ತೋರಿಸುವಾಗ, ಗ್ರೀನ್‌ಲೆಂಡಿನ ದಕ್ಷಿಣದ ಕಡಲಿನಲ್ಲಿ ಮಾತ್ರ ಒಂದು ನೀಲಿ ಮಚ್ಚೆ ಕಾಣುವುದು. ಆ ಭಾಗವು ನೂರು ವರ್ಷದ ಹಿಂದಿಗಿಂತ ತಣ್ಣಗಾಗಿದೆ. ಪ್ರವಾಹವು ಕುಂದಿರುವುದರ ಗುರುತು ಇದೆಂದು 2015ರಲ್ಲಿ ಜರ್ಮನಿಯ ಸ್ಟೆಫಾನ್ ರಾಮ್‌ಸ್ಟೋರ್ಫ್ ಮತ್ತು ಅವರ ಸಂಗಡಿಗರು ಪ್ರತಿಪಾದಿಸಿದರು. ಗಾಳಿ, ಮೋಡಗಳ ಕೈವಾಡವೂ ಇದರಲ್ಲಿ ಉಂಟೆಂದು ಬೇರೆ ಕೆಲವರು ಹೇಳುತ್ತಾರೆ. ಇಲ್ಲಿ ಒಂದು ಮಾತು ನೆನಪಿರಬೇಕು: ಉತ್ತರಕ್ಕೆ ಬಾರದ ಶಾಖವು ನಾಶವಾಗುವುದಿಲ್ಲ, ಅದು ದಕ್ಷಿಣದಲ್ಲಿಯೇ ಉಳಿದು ಅಲ್ಲಿಯ ತಾಪವನ್ನು ಹೆಚ್ಚಿಸುತ್ತದೆ.

ಇದು ಬರೀ ಊಹೆಯಲ್ಲವೆಂಬುದಕ್ಕೆ ಒಂದು ಹೂವು ಸಾಕ್ಷಿಯಾಗಿದೆ. ಡ್ರಯಾಸ್ ಎಂಬುದು ಗುಲಾಬಿಯ ಕುಲಕ್ಕೆ ಸೇರಿದ, ಎಂಟು ಬಿಳಿಯ ದಳಗಳುಳ್ಳ ಪುಟ್ಟ ಹೂವು. ಧ್ರುವಪ್ರದೇಶದಲ್ಲಿಯೂ ಎತ್ತರದ ಪರ್ವತಗಳಲ್ಲಿಯೂ ಬೆಳೆಯುತ್ತದೆ. ಡೆನ್ಮಾರ್ಕಿನ ಹಳೆಯ ಕೆರೆಗಳ ಜೇಡಿಮಣ್ಣಿನಲ್ಲಿ, ಬೆಚ್ಚನೆಯ ಕಾಲದ ಮರಗಳ ಅವಶೇಷಗಳಿರುವ ಪದರದ ಮೇಲೆ ಪುನಃ ಈ ಹೂವಿನ ಎಲೆಗಳು ಸಿಕ್ಕಿದುವು. ಅಂದರೆ ಹಿಮಯುಗವು ಮುಗಿದು ಲೋಕವು ಬಿಸಿಯಾಗುತ್ತಿದ್ದಾಗ, ಸುಮಾರು 12,900 ವರ್ಷಗಳ ಹಿಂದೆ, ಯೂರೋಪಿಗೆ ಚಳಿ ಮರಳಿ ಬಂದು ಸುಮಾರು 1,200 ವರ್ಷ ನಿಂತಿತ್ತು. ಅಮೇರಿಕದ ಹಿಮರಾಶಿ ಕರಗಿದ ನೀರು ಅಟ್ಲಾಂಟಿಕ್ಕಿಗೆ ಸೇರಿ ಪ್ರವಾಹವನ್ನು ಕುಂದಿಸಿದುದೇ ಇದಕ್ಕೆ ಕಾರಣವೆಂಬುದು ಬಹುಮಂದಿ ಪಂಡಿತರ ಅಭಿಪ್ರಾಯ. ಸುಮಾರು 8,200 ವರ್ಷಗಳ ಹಿಂದೆ ಕೆನಡಾದ ಹಿಮದ ಕಟ್ಟೆಯೊಡೆದು ಮಹಾ ಸರೋವರವೊಂದು ಕಡಲಿಗೆ ಬರಿದಾದಾಗಲೂ ಇಂಥ ಚಳಿ, ಅಲ್ಪಕಾಲದ್ದು, ಬಂದುಹೋಯಿತು.

ಭಯಪಡತಕ್ಕ ಸಂಗತಿಯೊಂದನ್ನು 1961ರಲ್ಲಿ ಅಮೇರಿಕದ ಹೆನ್ರಿ ಸ್ಟೊಮ್ಮೆಲ್ ಎಂಬವರು ಲೆಕ್ಕದಿಂದ ತೋರಿಸಿದರು. ಪ್ರವಾಹವು ಉತ್ತರಕ್ಕೆ ತರುವ ಉಪ್ಪೇ ಪ್ರವಾಹವನ್ನು ನಡೆಯಿಸುತ್ತದೆ. ಲಾಭವನ್ನೇ ಬಂಡವಾಳಮಾಡಿಕೊಂಡ ಅಂಗಡಿಯಂತೆ, ವ್ಯಾಪಾರ ಕುಗ್ಗಿದರೆ ಬಂಡವಾಳ ಕುಗ್ಗಿ, ಬಂಡವಾಳ ಕುಗ್ಗಿದುದರಿಂದ ವ್ಯಾಪಾರ ಇನ್ನೂ ಕುಗ್ಗಿ, ಒಂದು ಮೇರೆಯನ್ನು ದಾಟಿದ ಮೇಲೆ ಬಾಗಿಲು ಮುಚ್ಚಬೇಕಾದೀತು. ಆ ಮೇರೆಗೆ ಈಗ ಎಷ್ಟು ದೂರವೆಂಬುದೇ ಪ್ರಶ್ನೆ. 2004ರಿಂದ ಫ್ಲೋರಿಡ, ಬಹಾಮ ದ್ವೀಪಗಳಿಂದ ಆಫ್ರಿಕದ ತೀರದ ವರೆಗೆ ಕಡಲಿನಲ್ಲಿ ಯಂತ್ರಗಳನ್ನು ನಿಲ್ಲಿಸಿ ಪ್ರವಾಹವನ್ನು ಎಡೆಬಿಡದೆ ಅಳೆಯುತ್ತಿದ್ದಾರೆ. 2009–10ರಲ್ಲಿ ಅದು ಸುಮಾರು ಶೇಕಡಾ 30ರಷ್ಟು ಇಳಿದು, ಆಮೇಲೆ ಚೇತರಿಸಿಕೊಂಡಿತು. ಈ ಶತಮಾನದಲ್ಲಿ ಪ್ರವಾಹವು ಕುಂದುವುದು ಬಹುಮಟ್ಟಿಗೆ ನಿಶ್ಚಯವೆಂದೂ, 2100ಕ್ಕೆ ಮುಂಚೆ ತಟ್ಟನೆ ನಿಲ್ಲುವುದು ಸಂಭವವಲ್ಲವೆಂದೂ, ಆದರೆ ಈ ಎರಡನೆಯ ಮಾತಿನಲ್ಲಿ ತಮಗೆ ಮಧ್ಯಮ ಭರವಸೆ ಮಾತ್ರವೆಂದೂ ಸರಕಾರಗಳ ನಡುವಣ ಹವಾಮಾನ ಮಂಡಲಿಯು 2021ರಲ್ಲಿ ಹೇಳಿತು. 2024ರ ಅಕ್ಟೋಬರಿನಲ್ಲಿ 44 ಮಂದಿ ಶಾಸ್ತ್ರಜ್ಞರು ನಾರ್ಡಿಕ್ ದೇಶಗಳ ಮಂತ್ರಿಗಳಿಗೆ ಬಹಿರಂಗ ಪತ್ರ ಬರೆದು, ಈ ಅಪಾಯವನ್ನು ಕಡಿಮೆ ಎಣಿಸಲಾಗಿದೆಯೆಂದು ಎಚ್ಚರಿಸಿದರು. ಮನೆಗೆ ಬೆಂಕಿ ಬೀಳುವುದು ಸಂಭವವಲ್ಲವೆಂಬ ಮಾತನ್ನು ಮಧ್ಯಮ ಭರವಸೆಯಿಂದ ಹೇಳಿದರೆ ಮನೆಯವರಿಗೆ ನಿದ್ರೆ ಬರಲಾರದೆಂದು ನಮಗೂ ತೋರುತ್ತದೆ.

ಪ್ರವಾಹವು ನಿಂತರೆ ಆಗುವುದೇನು? ಹಾಲೆಂಡಿನ ಯೂಟ್ರೆಕ್ಟ್ ವಿಶ್ವವಿದ್ಯಾನಿಲಯದವರು 2024ರಲ್ಲಿ ಪ್ರಕಟಿಸಿದ ಗಣನೆಯಲ್ಲಿ, ಯೂರೋಪಿನ ಕೆಲವು ನಗರಗಳ ಉಷ್ಣಮಾನ 5ರಿಂದ 15 ಡಿಗ್ರಿ ಸೆಂಟಿಗ್ರೇಡಿನಷ್ಟು ಇಳಿದುದು ಕಂಡಿತು. ಇದು ಅಂಗಾರಾಮ್ಲವಾಯುವಿನ ತಾಪವನ್ನು ಸೇರಿಸದೆ ಮಾಡಿದ ಗಣನೆ. ಅದನ್ನು ಸೇರಿಸಿದರೆ ಶೈತ್ಯವೂ ತಾಪವೂ ಒಂದನ್ನೊಂದು ಸ್ವಲ್ಪ ತಗ್ಗಿಸಬಹುದು. ಹಾಗೆಂದು ಸಮಾಧಾನಪಡುವಂತಿಲ್ಲ, ಏಕೆಂದರೆ ಉತ್ತರ ಅಟ್ಲಾಂಟಿಕ್ ತೀರಗಳಲ್ಲಿ ಸಮುದ್ರಮಟ್ಟ ಏರುವುದೂ ಮಳೆಯ ಸ್ಥಾನ ಪಲ್ಲಟವಾಗುವುದೂ ತಪ್ಪುವುದಿಲ್ಲ.

ಮಳೆಯ ಮಾತು ಬಂದಮೇಲೆ ಈ ದೂರದ ಕಡಲು ನಮಗೂ ದೂರವಲ್ಲ. ಉತ್ತರ ಗೋಳಾರ್ಧವು ತಣ್ಣಗಾದರೆ ಭೂಮಧ್ಯರೇಖೆಯ ಬಳಿಯ ಮಳೆಯ ಪಟ್ಟಿಯು ದಕ್ಷಿಣಕ್ಕೆ ಸರಿಯುತ್ತದೆ. ಮೃಗಶಿರೆ, ಆರಿದ್ರೆಗಳನ್ನು ನಂಬಿ ಬಿತ್ತುವ ನಮ್ಮ ರೈತನ ಮುಂಗಾರು ಆಗ ಬಲಗುಂದುತ್ತದೆ. ಇದರ ಹಳೆಯ ದಾಖಲೆ ನಮ್ಮ ದೇಶದಲ್ಲಿಯೇ ಇದೆ. ಮೇಘಾಲಯದ ಚಿರಾಪುಂಜಿಯ ಬಳಿಯ ಮಾಮ್ಲೂ ಗವಿಯಲ್ಲಿ, ಮಳೆಯ ನೀರು ಹನಿಹನಿಯಾಗಿ ತೊಟ್ಟಿಕ್ಕಿ ಪದರಪದರವಾಗಿ ಬೆಳೆದ ಸುಣ್ಣದ ಕಂಬಗಳುಂಟು. ಅವುಗಳನ್ನು ಸೀಳಿ ಪರೀಕ್ಷಿಸಿದವರಿಗೆ, ಡೆನ್ಮಾರ್ಕಿನ ಕೆರೆಯ ಮಣ್ಣಿನಲ್ಲಿ ಡ್ರಯಾಸ್ ಎಲೆಗಳು ಹುದುಗಿದ ಆ ಶತಮಾನಗಳಲ್ಲಿಯೇ ಇಲ್ಲಿಯ ಮಳೆಗಾಲವೂ ಕ್ಷೀಣಿಸಿತ್ತೆಂಬುದು ಕಂಡುಬಂದಿದೆ.