ಅರಿತವರೆಲ್ಲರೂ ವಿವೇಕಿಗಳೇ?

ಬೆಳಗಾವಿಯಿಂದ ಚೋರ್ಲಾ ಘಟ್ಟದ ಹಾದಿಯಾಗಿ ಗೋವೆಗೆ ಹೋಗುವವರಿಗೆ ಖಾನಾಪುರ ತಾಲ್ಲೂಕಿನ ಜಾಂಬೋಟಿ ಪರಿಚಿತ ಊರು. ಆ ಸೀಮೆಯ ಕಾಡಿನಲ್ಲಿ ಬಾರಾಪೇಡೆ ಗವಿಗಳಿವೆ. ಅಲ್ಲಿ ನೆಲೆಸಿರುವ ಅಪರೂಪದ ಬಾವಲಿಯೊಂದನ್ನು 1913ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸ್ ಹೊಸ ಪ್ರಭೇದವೆಂದು ವಿವರಿಸಿದರು. ಬಹುಕಾಲ ಜಗತ್ತಿನಲ್ಲಿ ಅದರ ನೆಲೆ ಇದೊಂದೇ ಎಂಬ ಭಾವನೆಯಿತ್ತು; ಅನಂತರ ಮೇಘಾಲಯದಲ್ಲೂ ಕಾಂಬೋಡಿಯದಲ್ಲೂ ಅದು ಕಂಡುಬಂದಿತು. 2011ರಲ್ಲಿ ಭೀಮಗಡ ವನ್ಯಜೀವಿಧಾಮವು ಘೋಷಣೆಯಾಗಿ ಈ ಕಾಡಿಗೆ ರಕ್ಷಣೆ ದೊರೆಯಿತು.

ಬಾವಲಿಯ ಹೆಸರು, ಅದರ ಗುಣಲಕ್ಷಣ, ಗವಿಯ ದಾರಿ ಇವೆಲ್ಲವೂ ಜ್ಞಾನ. ದೀಪ ಹಿಡಿದು ಒಳನುಗ್ಗಿದರೆ ಬಾವಲಿಗಳು ಬೆದರಿಯಾವು, ಮರಿಗಳು ಕೆಳಗೆ ಬಿದ್ದಾವು ಎಂದು ಹೊರಗೇ ನಿಲ್ಲುವುದು ವಿವೇಕ. ಜ್ಞಾನವಿಲ್ಲದೆ ಈ ವಿವೇಕ ಹುಟ್ಟದು. ಆದರೆ ಜ್ಞಾನವಿದ್ದ ಮಾತ್ರಕ್ಕೆ ಅದು ತಾನಾಗಿ ಬಾರದು.

ಗುರುಮಠದಲ್ಲಿ ನಾವು ಇದನ್ನು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನಿಂದ ಕಲಿತೆವು. ಎಳೆಯರು ಗಣಿತದಲ್ಲಿ ನಿಪುಣರಾಗಬಹುದು, ವಿವೇಕಿಗಳಾಗುವುದು ಕಷ್ಟ. ಏಕೆಂದರೆ ವಿವೇಕವು ಈ ಗಳಿಗೆಗೆ, ಈ ವ್ಯಕ್ತಿಗೆ ಸಂಬಂಧಿಸಿದ್ದು, ಅದಕ್ಕೆ ಅನುಭವ ಬೇಕು ಎಂಬುದು ಆತನ ವಿಚಾರ. ಸಂತ ಥಾಮಸ್ ಅಕ್ವಿನಾಸರೂ ವಿವೇಕವನ್ನು ಕ್ರಿಯೆಗೆ ದಾರಿ ತೋರುವ ಸದ್ಬುದ್ಧಿಯೆಂದೇ ಕಂಡರು. ಪರೀಕ್ಷೆಯಲ್ಲಿ ಇದನ್ನು ಚೆನ್ನಾಗಿಯೇ ಬರೆದಿದ್ದೆ.

ಆದರೆ ಗುರುದೀಕ್ಷೆ ಪಡೆದ ಹೊಸತರಲ್ಲಿ, ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳ ಮನೆಗೆ ಹೋಗಬೇಕಾಯಿತು. ‘ದೇವರು ಹೀಗೇಕೆ ಮಾಡಿದ ಫಾದರ್?’ ಎಂದು ಆಕೆ ಅತ್ತಳು. ನಾನು ಕೇಡಿನ ಸಮಸ್ಯೆ, ದೈವಸಂಕಲ್ಪ ಎಂದೆಲ್ಲ ವಿವರಿಸತೊಡಗಿದೆ. ನನ್ನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ಪ್ರತಿ ಮಾತಿಗೂ ಆಕೆಯ ಮುಖ ಇನ್ನಷ್ಟು ಬಾಡಿತು. ಅಷ್ಟರಲ್ಲಿ ನೆರೆಮನೆಯ ಮುದುಕಿ ಗಂಜಿಯ ಬಟ್ಟಲು ಹಿಡಿದು ಬಂದು ಮಗ್ಗುಲಲ್ಲಿ ಕುಳಿತು, ‘ಒಂದ ಗುಟುಕು ಕುಡಿಯವ್ವಾ’ ಎಂದಳು. ಆ ತಾಯಿ ಅಂದು ಮೊದಲ ಬಾರಿಗೆ ಬಾಯಿಗೆ ಏನಾದರೂ ಹಾಕಿಕೊಂಡಳು. ಓದು ಬಾರದ ಆ ಮುದುಕಿಗೆ ತಿಳಿದದ್ದು ನನಗೆ ತಿಳಿದಿರಲಿಲ್ಲ.

ಪವಿತ್ರ ಬೈಬಲಿನ ಯೋಬನ ಗೆಳೆಯರ ಕಥೆಯೂ ಇದೇ. ಏಳು ಹಗಲು ಏಳು ರಾತ್ರಿ ಅವರು ಆತನೊಡನೆ ಮೌನವಾಗಿ ನೆಲದ ಮೇಲೆ ಕುಳಿತರು. ಅನಂತರ ಬಾಯಿ ತೆರೆದು ಅವನ ದುಃಖಕ್ಕೆ ಕಾರಣ ಹೇಳಹೊರಟರು. ದೇವರ ಕೋಪಕ್ಕೆ ಗುರಿಯಾದದ್ದು ಅವರ ಮೌನವಲ್ಲ, ಮಾತು.

ಪ್ರಿಯ ಓದುಗರೇ, ಪಿಯುಸಿ ಫಲಿತಾಂಶ ಬಂದ ಸಂಜೆ ಮಗ ಅನುತ್ತೀರ್ಣನಾದನೆಂಬುದು ತಂದೆಗೆ ತಿಳಿದಿರುತ್ತದೆ. ಅವನು ಓದಲಿಲ್ಲವೆಂಬುದೂ, ಪಕ್ಕದ ಮನೆಯ ಹುಡುಗ ಎಷ್ಟು ಅಂಕ ಪಡೆದನೆಂಬುದೂ ತಿಳಿದಿರುತ್ತದೆ. ಎಲ್ಲವೂ ನಿಜವೇ. ಆದರೆ ಆ ನಿಜವನ್ನು ಆ ಹೊತ್ತಿನಲ್ಲೇ ಹೇಳಬೇಕೆ? ಒಂದು ಕಟುಮಾತಿನಿಂದ ಎಳೆಯ ಜೀವವೇ ಬಾಡಿಹೋಗಬಹುದು. ಮತ್ತೆ ಪರೀಕ್ಷೆ ಬರೆಯುವ ಮಾತನ್ನು ನಾಳೆ ಆಡಬಹುದು. ಇಂದು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಿರಿ. ಜಪಸರದ ಹೊತ್ತಿಗೆ ಅವನ ಹೆಗಲ ಮೇಲೆ ನಿಮ್ಮ ಕೈಯಿರಲಿ.